ಬಟನ್ನಿನ ಅಂಚಿಗೆ ನೆರಳು ಹಚ್ಚುವಾಕೆ

ಬೆಳಗಿನ ಐದೂ ಮುಕ್ಕಾಲು. ಬಿಸ್ಕತ್ತು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವರು ಕೈಗವಸು ಕಳಚುತ್ತಿದ್ದಾರೆ, ಬೆಳಗಿನವರು ಇನ್ನೂ ಆಕಳಿಸುತ್ತಿದ್ದಾರೆ. ಮೂರನೇ ಒಲೆಯ ಪಕ್ಕದ ಪುಟ್ಟ ಕಂಪ್ಯೂಟರ್ ಪರದೆಯ ಎದುರು ಐವತ್ತಾರರ ಹೆಂಗಸೊಬ್ಬರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಿಟಕಿಯನ್ನೇ ನೋಡುತ್ತಿದ್ದಾರೆ. ಬಿಸ್ಕತ್ತಿಗೂ ಅವರಿಗೂ ಸಂಬಂಧವಿಲ್ಲ. ಅವರು ಕಾಯುತ್ತಿರುವುದು ಬಿಸಿಲಿಗೆ.

ಆರೂ ಹತ್ತಕ್ಕೆ ಬಿಸಿಲಿನ ಪಟ್ಟಿಯೊಂದು ಕಿಟಕಿ ದಾಟಿ ಪರದೆಯ ಮೇಲೆ ಬೀಳುತ್ತದೆ. ಅವರು ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ಪುಸ್ತಕದಲ್ಲಿ ಗೀಚಿಕೊಳ್ಳುತ್ತಾರೆ. "ಮೇಲಿನ ಬಿಳಿ ಅಂಚು ಹೋಯ್ತು ನೋಡಿ, ಬಿಸಿಲು ನುಂಗಿಬಿಡ್ತು. ಕೆಳಗಿನ ಕಪ್ಪು ಗಟ್ಟಿಯಾಗಿ ನಿಂತಿದೆ. ಅದನ್ನೇ ಇನ್ನೊಂದು ಎಳೆ ದಪ್ಪ ಮಾಡ್ತೀನಿ."

ಕಚೇರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ನೆರಳಕ್ಕ ಎಂದು. ಕಾರ್ಖಾನೆಯ ಯಂತ್ರಗಳಿಗೆ ಪರದೆ ಮಾಡಿಕೊಡುವ ಸಣ್ಣ ಕಂಪನಿಯಲ್ಲಿ ಇವರ ಕೆಲಸ ಒಂದೇ: ಪರದೆಯ ಮೇಲಿನ ಬಟನ್ನುಗಳು ಉಬ್ಬಿದಂತೆ ಕಾಣಿಸುವುದು, ಒತ್ತಿದಾಗ ತಗ್ಗಿದಂತೆ ಕಾಣಿಸುವುದು. ಗಾಜು ಮಾತ್ರ ಚಪ್ಪಟೆ. ಉಬ್ಬುತಗ್ಗೆಲ್ಲ ಬಣ್ಣದ ಕೈಚಳಕ. ಬೆಳಕು ಎಡಗಡೆ ಮೇಲಿನಿಂದ ಬೀಳುತ್ತಿದೆ ಎಂದುಕೊಂಡು ಮೇಲಿನ ಅಂಚಿಗೂ ಎಡದ ಅಂಚಿಗೂ ತಿಳಿಬಣ್ಣ, ಕೆಳಗೂ ಬಲಕ್ಕೂ ಗಾಢಬಣ್ಣ. ಒತ್ತಿದಾಗ ಅದನ್ನೇ ಅದಲುಬದಲು ಮಾಡಿದರೆ ಬಟನ್ನು ಒಳಗೆ ಕೂತಂತೆ. ಒಂದೊಂದು ಬಣ್ಣಕ್ಕೆ ಐದೈದು ಛಾಯೆ. ದಿನಕ್ಕೆ ಇವರ ಕೈಯಿಂದ ನಲವತ್ತು ಬಟನ್ನುಗಳು ಹೊರಬೀಳುತ್ತವೆ. ಹಳದಿ ಇದ್ದ ದಿನ ಮೂವತ್ತು ದಾಟುವುದಿಲ್ಲ.

"ಹಳದಿ ಭಾರೀ ಮೊಂಡು. ನೆರಳಿಗೆ ಅಂತ ಕಪ್ಪು ಬೆರೆಸಿದ್ರೆ ಪಾಚಿ ಕಟ್ಟಿದ ಹಾಗಾಗುತ್ತೆ. ಅದಕ್ಕೆ ಕಂದು ಹಾಕಿ ಪುಸಲಾಯಿಸಬೇಕು. ಇನ್ನು ಕಪ್ಪು ಬಟನ್ ಕೇಳ್ತಾರಲ್ಲ, ಅವರ ಜೊತೆ ಜಗಳಾನೇ. ಕಪ್ಪಿಗಿಂತ ಕಪ್ಪು ನೆರಳು ನಾನೆಲ್ಲಿಂದ ತರಲಿ?"

ನೆರಳಕ್ಕ ಈ ವಿದ್ಯೆ ಕಲಿತದ್ದು ಕಂಪ್ಯೂಟರಿನ ಎದುರಲ್ಲ, ಕಟ್ಟುಹಲ್ಲು ಮಾಡುವ ಕೋಣೆಯಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಸೇರಿದವರು ಹದಿನಾಲ್ಕು ವರ್ಷ ಪಿಂಗಾಣಿ ಹಲ್ಲಿಗೆ ಬಣ್ಣ ತೀಡಿದರು. ಬುಡಕ್ಕೆ ತುಸು ಹಳದಿ, ತುದಿಗೆ ನೀಲಿಯ ಸುಳಿವು, ಎರಡು ಹಲ್ಲಿನ ಸಂದಿಗೆ ಕೂದಲೆಳೆಯಷ್ಟು ನೆರಳು. "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರಲ್ಲ, ಕಡಲೆ ಇದ್ದವರಿಗೆ ಹಲ್ಲು ಕೊಡೋದೇ ನನ್ನ ಕೆಲಸ ಆಗಿತ್ತು" ಎಂದು ನಗುತ್ತಾರೆ. ಆ ಕೆಲಸಕ್ಕೆ ಯಂತ್ರ ಬಂತು, ಕೋಣೆಗೆ ಬೀಗ ಬಿತ್ತು. ಬಣ್ಣದ ಸೂಕ್ಷ್ಮ ಗುರುತಿಸುವ ಕಣ್ಣಿದ್ದವರು ಬೇಕು ಎಂಬ ಪರದೆ ಕಂಪನಿಯ ಜಾಹೀರಾತು ತೋರಿಸಿದ್ದು ಅವರ ಅತ್ತೆ. ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲದ ಸೊಸೆ ಹೆದರಿದಾಗ, "ಹಲ್ಲೇನು ಹುಟ್ಟುತ್ತಲೇ ಕಲಿತಿದ್ಯಾ?" ಎಂದರಂತೆ.

ಅಲ್ಲಿ ಹದಿನಾರು ವರ್ಷ ಎಲ್ಲವೂ ಸರಾಗವಾಗಿ ನಡೆಯಿತು. ಆಮೇಲೆ ಫ್ಯಾಷನ್ ಬದಲಾಯಿತು. ಫೋನುಗಳಲ್ಲಿ ಉಬ್ಬಿದ ಬಟನ್ನುಗಳು ಮಾಯವಾದವು, ಎಲ್ಲ ಕಡೆ ಚಪ್ಪಟೆ. ತಮ್ಮ ಪರದೆಗಳೂ ಹಾಗೇ ಇರಬೇಕೆಂದು ಕಂಪನಿಯ ಮ್ಯಾನೇಜರ್ ತೀರ್ಮಾನಿಸಿದರು. "ಕೋಳಿ ಕೇಳಿ ಮಸಾಲೆ ಅರೀತಾರಾ? ನನ್ನನ್ನ ಯಾರೂ ಕೇಳ್ಲಿಲ್ಲ." ನೆರಳಕ್ಕನನ್ನು ಲೇಬಲ್ ಅಂಟಿಸುವ ವಿಭಾಗಕ್ಕೆ ಹಾಕಿದರು. ಎರಡು ವರ್ಷ ಅಲ್ಲೇ.

ಒಂದು ದಿನ ಅವರ ಮೇಜಿಗೆ ಕಡತವೊಂದು ಬಂತು. ಹಾಲು ಸಂಸ್ಕರಿಸುವ ಘಟಕವೊಂದರಲ್ಲಿ ಬೆಳಗಿನ ಪಾಳಿಯ ಆಪರೇಟರ್ ಟ್ಯಾಂಕ್ ತೊಳೆಸದೆ ಹಾಲು ತುಂಬಿಸಿದ್ದರು. ಆರು ಸಾವಿರ ಲೀಟರ್ ಒಡೆದು ಚರಂಡಿಗೆ ಹೋಗಿತ್ತು. ಆತನನ್ನು ಮನೆಗೆ ಕಳಿಸಿದ್ದರು. ಪರದೆಯಲ್ಲಿ ದೋಷವಿಲ್ಲವೆಂದು ಕಂಪನಿ ಬರೆದುಕೊಟ್ಟಿದ್ದ ಪತ್ರಕ್ಕೆ ಪರದೆಯ ಫೋಟೋ ಅಂಟಿಸುವುದಷ್ಟೇ ನೆರಳಕ್ಕನ ಕೆಲಸ. ಫೋಟೋದಲ್ಲಿ 'ತೊಳೆ' ಎಂಬ ಬಟನ್ನು ತಿಳಿನೀಲಿ. ಒತ್ತಿದಾಗ ಅದಕ್ಕಿಂತ ಒಂದು ಗುಲಗಂಜಿ ಗಾಢನೀಲಿ. ಅಷ್ಟೇ ವ್ಯತ್ಯಾಸ.

ಅವರು ಫೋಟೋ ಅಂಟಿಸಲಿಲ್ಲ. ರಜೆ ಹಾಕಿ ಆಪರೇಟರನ ಮನೆ ಹುಡುಕಿಕೊಂಡು ಹೋದರು.

"ಒತ್ತಿದ್ದೆ ಕಣಮ್ಮ," ಎಂದರಂತೆ ಆತ. "ಒತ್ತಿದ್ದು ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಒತ್ತಿದೆ."

ಎರಡನೇ ಸಲ ಒತ್ತಿದರೆ ತೊಳೆಯುವುದು ರದ್ದಾಗುತ್ತದೆ. ನೆರಳಕ್ಕ ಮಾರನೇ ದಿನ ಮುಂಜಾನೆ ಆ ಘಟಕಕ್ಕೆ ಹೋಗಿ ನಿಂತರು. ಆರೂ ಕಾಲಿಗೆ ಬಿಸಿಲು ಪರದೆಗೆ ಬಡಿದಾಗ ಎರಡು ನೀಲಿಯೂ ಒಂದೇ ಆಯಿತು. ಫೋಟೋ ತೆಗೆದರೆ ಕ್ಯಾಮೆರಾ ತಾನೇ ಬೆಳಕು ಸರಿಮಾಡಿಕೊಂಡು ವ್ಯತ್ಯಾಸ ತೋರಿಸುತ್ತಿತ್ತು. ಕಚೇರಿಗೆ ಬಂದು ತಪ್ಪು ನಮ್ಮದೇ ಎಂದು ಬರೆದುಕೊಟ್ಟರು. ಮ್ಯಾನೇಜರ್ ಸಿಡಿದರು: "ಇದನ್ನ ಬಾಯಲ್ಲಿ ಹೇಳಬಹುದಿತ್ತಲ್ಲ, ಬರೆದ್ಯಾಕೆ ಕೊಟ್ರಿ? ಕೆಲಸ ಬೇಕೋ ಬೇಡ್ವೋ?"

"ಬೇಕು ಸಾರ್. ಆ ಆಪರೇಟರಿಗೂ ಬೇಕು. ನಾಳೆ ಬೆಳಿಗ್ಗೆ ಒಂದ್ಸಲ ಹಾಲಿನ ಘಟಕಕ್ಕೆ ಬಂದು ನೋಡಿ."

ನೆರಳಕ್ಕನ ಗಂಡನ ಬಸ್ ಡಿಪೋ ಕೆಲಸ ಆಗಷ್ಟೇ ಮುಗಿದಿತ್ತು. ಮನೆ ನಡೆಯುತ್ತಿದ್ದದ್ದು ಇವರೊಬ್ಬರ ಸಂಬಳದಲ್ಲಿ.

ಮ್ಯಾನೇಜರ್ ಬಂದರು. ಬಿಸಿಲೂ ಬಂತು. ನೆರಳಕ್ಕ ಅವರನ್ನು ಆಪರೇಟರ್ ನಿಲ್ಲುವ ಜಾಗದಲ್ಲೇ ನಿಲ್ಲಿಸಿ, "ಇದರಲ್ಲಿ ಒತ್ತಿರೋದು ಯಾವ್ದು ಹೇಳಿ" ಎಂದರು. ಮ್ಯಾನೇಜರ್ ಕೈ ಅಡ್ಡ ಹಿಡಿದರು. "ಕೈ ತೆಗೀರಿ ಸಾರ್, ಆಪರೇಟರಿಗೆ ಎರಡು ಕೈಯಲ್ಲೂ ಕೆಲಸ ಇರುತ್ತೆ." ಅವರು ಒಂದು ಬಟನ್ನು ತೋರಿಸಿದರು. ತಪ್ಪು. ಇನ್ನೊಂದು ತೋರಿಸಿದರು. ಅದೂ ತಪ್ಪು. ಪಕ್ಕದಲ್ಲೇ ನಿಂತಿದ್ದ ಘಟಕದ ಮೇಲ್ವಿಚಾರಕರು ತಾವೂ ಒಮ್ಮೆ ಬಗ್ಗಿ ನೋಡಿ, ಆಪರೇಟರನಿಗೆ ಫೋನ್ ಮಾಡಲು ಹೊರಗೆ ಹೋದರು.

ಹನ್ನೊಂದು ದಿನ ಮನೆಯಲ್ಲಿ ಕೂತಿದ್ದ ಆಪರೇಟರ್ ಹನ್ನೆರಡನೇ ದಿನ ಕೆಲಸಕ್ಕೆ ಮರಳಿದರು. ಕಂಪನಿಯ ಪರದೆಗಳಿಗೆಲ್ಲ ಉಬ್ಬು ಬಟನ್ನು ಮತ್ತೆ ಬಂತು, ನೆರಳಕ್ಕನೂ ತಮ್ಮ ಹಳೆಯ ಕುರ್ಚಿಗೆ ಬಂದರು. ಗಿರಾಕಿಗಳಿಗೆ ಹೋದ ಪತ್ರದಲ್ಲಿ ಮಾತ್ರ ಇದ್ದದ್ದು 'ತಾಂತ್ರಿಕ ಸುಧಾರಣೆ' ಎಂಬ ಎರಡೇ ಪದ. ಆ ವರ್ಷದ ಬಡ್ತಿಯ ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ. "ಬರೆದು ಕೊಟ್ಟಿದ್ದಕ್ಕೆ ಅಷ್ಟಾದ್ರೂ ಆಗ್ಬೇಕಲ್ಲ" ಎಂದು ಅದನ್ನು ಅಲ್ಲಿಗೇ ಬಿಡುತ್ತಾರೆ.

ಅಂದಿನಿಂದ ಹೊಸ ಪರದೆ ಎಲ್ಲಿ ಕೂರಿಸಿದರೂ ಒಂದು ಮುಂಜಾನೆ ಅಲ್ಲಿ ಕಳೆಯುವುದು ಇವರ ಪದ್ಧತಿ. ಯಾರೂ ಹೇಳಿದ್ದಲ್ಲ, ಹೆಚ್ಚಿನ ಭತ್ಯೆಯೂ ಇಲ್ಲ. ಇಲ್ಲಿಯವರೆಗೆ ಅರವತ್ಮೂರು ಮುಂಜಾನೆಗಳಾಗಿವೆ.

ನಿವೃತ್ತಿಗೆ ಇನ್ನೆರಡು ವರ್ಷ. ಆಸೆ ಏನಾದರೂ ಉಂಟೇ ಎಂದು ಕೇಳಿದರೆ ಪುಸ್ತಕವನ್ನು ಚೀಲಕ್ಕೆ ಹಾಕುತ್ತಾ ಹೇಳುತ್ತಾರೆ:

"ನಮ್ಮ ಬಸ್ ನಿಲ್ದಾಣದಲ್ಲಿ ಟಿಕೆಟ್ ಯಂತ್ರ ಇಟ್ಟಿದ್ದಾರೆ. ಪೂರ್ತಿ ಚಪ್ಪಟೆ. ವಯಸ್ಸಾದವರು ಯಾವ್ದು ಬಟನ್, ಯಾವ್ದು ಬರೀ ಅಕ್ಷರ ಅಂತ ಗೊತ್ತಾಗದೆ ಎಲ್ಲಾ ಕಡೆ ಒತ್ತಿ, ಹಿಂದೆ ನಿಂತವರ ಹತ್ರ ಬೈಸ್ಕೊಂಡು ಹೋಗ್ತಾರೆ. ಏಳೇ ಬಟನ್ ಇರೋದು, ನಾನು ಎಣಿಸಿದ್ದೀನಿ. ಯಾರಾದ್ರೂ ಅರ್ಧ ದಿನ ನನ್ನ ಕೈಗೆ ಕೊಟ್ರೆ ಸಾಕು, ಮಾಡಿಕೊಟ್ಟು ಬರ್ತೀನಿ."