ಹಗೇವಿಗೆ ಇಳಿದ ಬ್ಯಾಟ್ರಿ

ನಮ್ಮ ಮಾವನವರ ಕೈಗೆ ಮೂರು ಸೆಲ್ಲಿನ ಟಾರ್ಚು ಬಂದಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಊರವರ ಬಾಯಲ್ಲಿ ಅದು ಬ್ಯಾಟ್ರಿ. ಜಗಳೂರು ಸಂತೆಯಿಂದ ತಂದ ದಿನದಿಂದ ಅದು ಅವರ ಕಂಕುಳು ಬಿಟ್ಟಿರಲಿಲ್ಲ. ಮಟಮಟ ಮಧ್ಯಾಹ್ನ ಎತ್ತಿನ ಬಾಯೊಳಗೆ ಬೆಳಕು ಬಿಟ್ಟು ಹಲ್ಲು ನೋಡುತ್ತಿದ್ದರು. ಸೂರ್ಯನ ಕೆಲಸ ಅವರಿಗೆ ಸಾಲುತ್ತಿರಲಿಲ್ಲವೇನೋ. 'ಒಲೀ ಮ್ಯಾಲಿನ ಸಾರು ಕುದಿತೈತೋ ಇಲ್ಲೋ, ಅದನ್ನೂ ಬ್ಯಾಟ್ರಿ ಬಿಟ್ಟು ನೋಡ್ರಿ' ಎಂದು ಅತ್ತೆ ಗೊಣಗುತ್ತಿದ್ದರು.

ನಾನು ಹೊನ್ನಾಳಿಯವಳು, ಹೊಳೆದಂಡೆಯ ಅನ್ನ ತಿಂದು ಬೆಳೆದವಳು. ಜೋಳವನ್ನು ನೆಲದೊಳಗೆ ಹೂತಿಡುತ್ತಾರೆಂದು ಗೊತ್ತಾಗಿದ್ದೇ ಮದುವೆಯಾಗಿ ಜಗಳೂರಿನ ಕಡೆ ಬಂದಮೇಲೆ. ಮನೆ ಮುಂದೆ ಒಬ್ಬರು ಇಳಿಯುವಷ್ಟೇ ಬಾಯಿ, ಒಳಗೆ ಗುಡಾಣದಂಥ ಹೊಟ್ಟೆ. ಅದೇ ಹಗೇವು. ಬಂಡೆ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಜೋಳ ವರ್ಷಗಟ್ಟಲೆ ಇರುತ್ತದೆ. ಆದರೆ ಬಂಡೆ ಸರಿಸಿದ ಕೂಡಲೇ ಇಳಿಯುವ ಹಾಗಿಲ್ಲ. ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಬೇಕು. ಅದು ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಬಾಯಿ ತೆರೆದಿಟ್ಟು, ಸೊಪ್ಪಿನ ಕೊಂಬೆ ಆಡಿಸಿ ಒಳಗಿನ ಗಾಳಿ ಕದಡುತ್ತ ಕಾಯಬೇಕು.

ಒಳಗೆ ಭೂತ ಕೂತು ದೀಪ ಊದುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ಪಿಯುಸಿ ಓದಿದ್ದ ನನಗೆ ಆ ಭೂತದ ಹೆಸರು ಗೊತ್ತಿತ್ತು: ಇಂಗಾಲದ ಡೈಆಕ್ಸೈಡ್. ಕಾಳೂ ಉಸಿರಾಡುತ್ತದೆ. ಪಸೆ ತಾಗಿದರೆ ಹುದುಗು ಬಂದು ಬೆಚ್ಚಗಾಗುತ್ತದೆ. ಹಾಗೆ ಹುಟ್ಟಿದ ಗಾಳಿ ಭಾರ, ತಳದಲ್ಲೇ ಬಿದ್ದಿರುತ್ತದೆ. ಗೋಲಿ ಸೋಡಾದಲ್ಲಿ ಅದನ್ನೇ ಕುಡಿದು ಡರ್ರನೆ ತೇಗುವ ಜನ, ಹಗೇವಿನಲ್ಲಿ ಅದನ್ನು ಉಸಿರಾಡಿದರೆ ತೇಗಲೂ ಉಳಿಯುವುದಿಲ್ಲ.

ಒಂದು ಮುಂಗಾರಿನಲ್ಲಿ, ನಾದಿನಿಯನ್ನು ನೋಡಲು ಸಂತೇಬೆನ್ನೂರಿನಿಂದ ಗಂಡಿನ ಕಡೆಯವರು ಮರುದಿನವೇ ಬರುತ್ತಾರೆಂದು ಸುದ್ದಿ ಬಂತು. ಮನೆಯಲ್ಲಿ ರೊಟ್ಟಿಗೆ ಜೋಳವಿಲ್ಲ. ಆಳುಗಳು ಬಿತ್ತನೆಗೆ ಹೋಗಿದ್ದರು, ನಮ್ಮ ಯಜಮಾನರು ನೌಕರಿಯೆಂದು ನ್ಯಾಮತಿಯಲ್ಲಿದ್ದರು. ಮಾವ ತಾವೇ ಪಂಚೆ ಎತ್ತಿ ಕಟ್ಟಿ ಬಂಡೆ ಸರಿಸಿದರು. ಹುಳಿ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅತ್ತೆ ಲಾಟೀನು ತಂದರೆ, 'ತಗಂಡೋಗು ಅದನ್ನ, ಕಾಲ ಯಾವ್ದೈತೆ ಈಗ?' ಎಂದು ಬ್ಯಾಟ್ರಿಯನ್ನೇ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು.

ಬ್ಯಾಟ್ರಿ ಝಗ್ಗನೆ ಬೆಳಗಿತು. ಬೆಳಗದೆ ಏನು? ಅದಕ್ಕೇನು ಉಸಿರಾಡುವ ಉಸಾಬರಿಯೇ?

'ನೋಡಿದ್ಯಾ? ಆರ್ಲಿಲ್ಲ. ಒಳಗೆ ಏನೂ ಇಲ್ಲ' ಎಂದು ಮಾವ ಇಳಿಯಲು ಹಗ್ಗ ಹಿಡಿದರು. ನೆರೆದಿದ್ದ ಓಣಿಯವರು ಹೌದೌದೆಂದು ತಲೆಯಾಡಿಸಿದರು.

ನಾನು ಕೂಗಿಯೇಬಿಟ್ಟೆ. 'ಮಾವಾರೇ, ಇಳೀಬ್ಯಾಡ್ರಿ. ಬ್ಯಾಟ್ರಿ ಉರಿಯಾಕೆ ಗಾಳಿ ಬ್ಯಾಡ. ನಿಮಗೆ ಬೇಕು.'

'ಕಾಲೇಜಿನ ಮಾತು ಬ್ಯಾಡ. ಹೋಗು, ಒಲೀ ಮ್ಯಾಲೆ ಹಂಚು ಇಡು.'

ಅತ್ತೆಯ ಕೈಯಿಂದ ಲಾಟೀನು ಕಿತ್ತುಕೊಂಡು ಇಳಿಸಿದೆ. ಅರ್ಧ ಇಳಿಯುವುದರೊಳಗೇ ಪುಸಕ್ಕನೆ ಆರಿತು. ಗಾಳಿ ಬೀಸಿತು ಅಂದರು ಮಾವ. ಮತ್ತೆ ಹಚ್ಚಿದೆ, ಮತ್ತೆ ಆರಿತು. 'ಅದ್ರಾಗ ಎಣ್ಣಿ ಇಲ್ಲ. ಹಳೇ ಡಬ್ಬಿ ಅದು. ನನ್ ಬ್ಯಾಟ್ರಿ ನೋಡು ಹೆಂಗೈತೆ!' ಇಂಥ ಮನುಷ್ಯನಿಗೆ ಏನು ಹೇಳುವುದು? ಏನಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ತಾವು ಉಣ್ಣುವ ಮೊದಲು ನನ್ನ ಊಟ ಆಯಿತೇ ಎಂದು ವಿಚಾರಿಸುತ್ತಿದ್ದವರು ಆ ಮನೆಯಲ್ಲಿ ಅವರೊಬ್ಬರೇ.

ಸೀದಾ ಹೋಗಿ ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟು ಕೂತೆ. ಮಾವನ ಎದುರು ಸೊಸೆ ಕೂರುವುದೇ ತಪ್ಪು, ಅದೂ ಹೀಗೆ! ಓಣಿಗೆ ಓಣಿಯೇ ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಆದರೆ ಎಬ್ಬಿಸುವವರು ಯಾರು? ಮಾವ ಸೊಸೆಯನ್ನು ಮುಟ್ಟುವಂತಿಲ್ಲ. 'ಎಬ್ಸೇ ಆಕೀನ!' ಎಂದು ಅತ್ತೆಯ ಮೇಲೆ ಹಾರಾಡಿದರು. ಅತ್ತೆ ಆರಿದ ಲಾಟೀನನ್ನೊಮ್ಮೆ ನನ್ನನ್ನೊಮ್ಮೆ ನೋಡಿ, 'ನನ್ ಕೈಲಿ ಆಗಂಗಿಲ್ರಿ, ಸೊಂಟ ಹಿಡ್ಕಂಡೈತೆ' ಎಂದು ನನ್ನ ಪಕ್ಕದಲ್ಲೇ ಕುಕ್ಕರಿಸಿದರು.

ಮಾವ ಹಗ್ಗ ಬಿಸಾಕಿ ಹೋದರು. ಪಕ್ಕದ ಮನೆಯಿಂದ ಹಿಟ್ಟು ತಂದು ಬೀಗರಿಗೆ ರೊಟ್ಟಿ ಬಡಿದೆವು. ಮಾವ ನನ್ನ ಜೊತೆ ಮಾತು ಬಿಟ್ಟರು. ಬಂದವರು ಹೋದಮೇಲೆ, ತೆರೆದೇ ಇದ್ದ ಹಗೇವಿನೊಳಗೆ ಕೊಂಬೆ ಆಡಿಸಿ, ತಾವೇ ಲಾಟೀನು ಹಚ್ಚಿ ಇಳಿಸಿದರು. ಜೋಳದ ಮೇಲೆ ಕೂತರೂ ಅದು ಉರಿಯುತ್ತಲೇ ಇತ್ತು. ಮಾವ ಹಗ್ಗ ಹಿಡಿದರೂ ಇಳಿಯಲಿಲ್ಲ. ಓಣಿಯವರ ಎದುರೇ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

'ಇಳೀಲೇನವ್ವಾ?'

ಇಳೀರಿ ಅನ್ನುವಷ್ಟರಲ್ಲಿ ನನಗೆ ಅಳು ಬಂದಿತ್ತು.