ಅಪ್ಪ ಮಾಡಿದ ಫಿಲ್ಟರ್ ಪ್ಲೇಟು

ಮೊನ್ನೆ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು ಮನೆಗೆ ಹೊಸದಾಗಿ ತಂದ ಮೀನಿನ ತೊಟ್ಟಿಯ ಫೋಟೊ ತೋರಿಸಿದರು. ತೋರಿಸಿ, "ಜಲ್ಲಿ ಅಡೀಲಿ ಆಕೋ ಫಿಲ್ಟರ್ ಈಗ್ಲೂ ಆಕ್ಬೋದಾ ಸಾರ್, ಇಲ್ಲ ಹಳೇದಾಗೋಯ್ತಾ?" ಎಂದರು. ನನಗೆ ಸುಮ್ಮಸುಮ್ಮನೆ ರೇಗಿತು. "ಹಾಕ್ರೀ, ಚೆನ್ನಾಗೇ ಕೆಲಸ ಮಾಡುತ್ತೆ" ಎಂದು ಫೈಲಿಗೆ ತಲೆ ಹಾಕಿದೆ. ಪಾಪ, ಅವರ ತಪ್ಪೇನೂ ಇರಲಿಲ್ಲ.

ಕೆ.ಆರ್. ಪೇಟೆಯ ನಮ್ಮ ಮನೆಯ ಹಜಾರದಲ್ಲೂ ಅಂಥದೊಂದು ತೊಟ್ಟಿ ಇತ್ತು. ಅದರ ಫಿಲ್ಟರನ್ನು ಮಾಡಿದ್ದು ಅಪ್ಪ. ಅಪ್ಪ ಮರಗೆಲಸದವರು. ತೇಗದ ಬಾಗಿಲು ಮಾಡಿಕೊಂಡೇ ಬದುಕಿದವರು. ಪಿವಿಸಿ ಬಾಗಿಲು ಬಂದ ಮೇಲೆ ಅವರನ್ನು ಕೇಳುವವರು ಕಡಿಮೆಯಾದರು. ಆ ಬಾಗಿಲುಗಳನ್ನು ಬೈಯದ ದಿನವಿರಲಿಲ್ಲ. ಆದರೆ ನಾನು ತೊಟ್ಟಿ ತಂದಾಗ, ಅಂಥದೇ ಬಾಗಿಲಿನ ಒಂದು ತುಂಡನ್ನು ಎಲ್ಲಿಂದಲೋ ಹುಡುಕಿ ತಂದು, ಸ್ಕೇಲಿಟ್ಟು ಗೆರೆ ಎಳೆದು, ಸಾಲುಸಾಲಾಗಿ ತೂತು ಕೊರೆದರು. ಒಂದು ತೂತೂ ಸಾಲು ತಪ್ಪಿರಲಿಲ್ಲ. ಪ್ಲೇಟು ತೊಟ್ಟಿಯ ತಳದಲ್ಲಿ, ಅದರ ಮೇಲೆ ಹೇಮಾವತಿ ಹೊಳೆಯಿಂದ ತಂದು ಜರಡಿ ಹಿಡಿದ ಜಲ್ಲಿ, ಮೂಲೆಯಲ್ಲಿ ಪ್ಲೇಟಿನಡಿಯಿಂದ ಮೇಲೆ ಬರುವ ಒಂದು ಪೈಪು. ತೊಟ್ಟಿಯ ಹೊರಗಿಟ್ಟ ಪುಟ್ಟ ಮೋಟರು ಸಣ್ಣ ಕೊಳವೆಯ ಮೂಲಕ ಆ ಪೈಪಿನೊಳಗೆ ಗಾಳಿಗುಳ್ಳೆ ಬಿಡುತ್ತಿತ್ತು. ಗುಳ್ಳೆಯ ಜೊತೆ ನೀರು ಮೇಲೇರುತ್ತಿತ್ತು, ಕೊಳೆಯೆಲ್ಲ ಜಲ್ಲಿಗೆ ಇಳಿಯುತ್ತಿತ್ತು. ಜಲ್ಲಿಯಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಆ ಕೊಳೆಯನ್ನು ತಿಂದು ನೀರನ್ನು ತಿಳಿಯಾಗಿಡುತ್ತಿದ್ದವು. ಅದಾದ ಮೇಲೆ ಅಪ್ಪನಿಗೆ ಕೈನಡುಕ ಶುರುವಾಯಿತು. ಮತ್ತೇನನ್ನೂ ಮಾಡಲಾಗಲಿಲ್ಲ. ಆ ಪ್ಲೇಟೇ ಅವರ ಕೊನೆಯ ಕೆಲಸ.

ಎರಡು ಗೋಲ್ಡ್ ಫಿಶ್ ಅದರಲ್ಲಿ ಆರು ವರ್ಷ ಬದುಕಿದವು. ಒಂದು ಪೂರ್ತಿ ಕೇಸರಿ, ಇನ್ನೊಂದು ಬಿಳಿ ಮೈಗೆ ಕೇಸರಿ ಟೋಪಿಯದು. ಅಪ್ಪ ಬೆಳಗಿನ ಕಾಫಿಯನ್ನು ಅವುಗಳ ಮುಂದೆ ಕೂತೇ ಕುಡಿಯುತ್ತಿದ್ದರು.

ಆ ಫಿಲ್ಟರಿನ ಜೊತೆ ನಾನೇನೂ ಸುಖಪಡಲಿಲ್ಲ. ಪ್ಲೇಟಿನ ಅಡಿಯಲ್ಲಿ ಏನು ಸೇರಿದೆ ಎಂದು ಕಾಣುವುದಿಲ್ಲ. ಚೊಕ್ಕಟ ಮಾಡಬೇಕೆಂದರೆ ಜಲ್ಲಿಯನ್ನೆಲ್ಲ ಬಕೆಟ್ಟಿಗೆ ತುಂಬಬೇಕು. ಗಿಡ ನೆಟ್ಟರೆ ಬೇರು ಹೋಗಿ ತೂತು ಮುಚ್ಚಿಕೊಳ್ಳುತ್ತದೆ. ಬೋರ್‌ವೆಲ್ ನೀರಿನ ಸುಣ್ಣ ಪೈಪಿಗೆ ಹಿಡಿದು ಗುಳ್ಳೆ ಬರುವುದೇ ನಿಲ್ಲುತ್ತದೆ. ಎಷ್ಟೋ ಭಾನುವಾರಗಳನ್ನು ಅದರ ಮುಂದೆ ಮಂಡಿಯೂರಿ, ಹಲ್ಲು ಕಚ್ಚಿಕೊಂಡು ಕಳೆದಿದ್ದೇನೆ.

ಶ್ರೀರಂಗಪಟ್ಟಣದಲ್ಲಿ ನಾನು ಮೀನಿನ ಆಹಾರ ತರುತ್ತಿದ್ದ ಅಂಗಡಿಯವನು ಪ್ರತಿ ಸಲ ನಗುತ್ತಿದ್ದ. "ಅದ್ನ ಈಗ ಯಾರ್ ಸಾರ್ ಮಡೀಕತ್ತಾರೆ? ಕಿತ್ತಾಕ್ಬುಡಿ. ಗಾಜಿಗೆ ನೇತಾಕೋದು ಬಂದದೆ, ತಗಂಡೋಗಿ." ನಾನು ಒಪ್ಪುತ್ತಿರಲಿಲ್ಲ, ಮನೆಗೆ ಬಂದು ಅಪ್ಪನಿಗೂ ಹೇಳಿ ನಗುತ್ತಿದ್ದೆ. ಒಂದು ಸಲ ಮಾತ್ರ ಅವನು ನಗದೆ ಹೇಳಿದ: "ಒಂದ್ ವಿಸ್ಯ ನೆಪ್ಪಲ್ಲಿ ಮಡೀಕಳಿ ಸಾರ್. ಅದೇನಾದ್ರೂ ಒಂದ್ ದಿನ ನಿಂತೋದ್ರೆ, ತಿರ್ಗಾ ಸೀದಾ ಆನ್ ಮಾಡ್ಬ್ಯಾಡಿ. ಅಡೀಲಿ ಕೊಳ್ತಿರೋದೆಲ್ಲ ಮೇಲಕ್ಕೆ ಬತ್ತದೆ. ಮೀನು ಉಳಿಯಾಕಿಲ್ಲ. ಮೊದ್ಲು ಮೀನ ಎತ್ತಿ ಬ್ಯಾರೆ ನೀರಿಗೆ ಬುಡಿ." ಹೂಂ ಎಂದು ಬಂದಿದ್ದೆ. ಮೋಟರನ್ನು ಯುಪಿಎಸ್‌ಗೆ ಜೋಡಿಸಿದ್ದೆನಲ್ಲ, ನಿಲ್ಲುವ ಮಾತೆಲ್ಲಿ ಬಂತು?

ಹೋದ ವರ್ಷ ಆಯುಧಪೂಜೆಗೆ ಅಪ್ಪನನ್ನು ಮನೆಯಲ್ಲಿ ಬಿಟ್ಟು ನಾನು, ನನ್ನ ಹೆಂಡತಿ ಅವಳ ತವರು ಬಿಂಡಿಗನವಿಲೆಗೆ ಹೋದೆವು. ಭಾವಮೈದ ಹೊಸ ಟ್ರಾಕ್ಟರು ತಂದಿದ್ದ, ಮೊದಲ ಪೂಜೆಗೆ ಬರಲೇಬೇಕೆಂದು ಹಟ. ನಮ್ಮ ಮನೆಯಲ್ಲಿ ಆ ದಿನ ಉಳಿ, ಬಾಚಿ, ಗರಗಸ, ಉಜ್ಜುಗೊರಡು ಎಲ್ಲವನ್ನೂ ತೊಳೆದು ಮಣೆಯ ಮೇಲಿಟ್ಟು ಪೂಜಿಸುತ್ತೇವೆ. ಮಾರನೇ ದಿನದ ಪೂಜೆ ಮುಗಿಯುವವರೆಗೆ ಯಾವ ಆಯುಧವನ್ನೂ ಮುಟ್ಟಿ ಕೆಲಸ ಮಾಡುವಂತಿಲ್ಲ. ಅದು ಅವುಗಳಿಗೆ ಬಿಡುವು. ನಾನು ಮನೆಯಲ್ಲಿದ್ದ ವರ್ಷಗಳಲ್ಲಿ, ಓಡುತ್ತಿದ್ದ ಮೋಟರಿಗೇ ಕುಂಕುಮ ಹಚ್ಚಿ ಮುಗಿಸುತ್ತಿದ್ದೆ.

ಮಾರನೇ ದಿನ ಮಧ್ಯಾಹ್ನ ಬಂದು ನೋಡಿದರೆ ಗುಳ್ಳೆಯ ಸದ್ದಿಲ್ಲ. ಮೋಟರು ಮಣೆಯ ಮೇಲೆ, ಉಳಿಗಳ ಪಕ್ಕದಲ್ಲಿ, ಸೇವಂತಿಗೆ ಮುಡಿದುಕೊಂಡು ಕೂತಿತ್ತು. ಕೇಸರಿ ಮೀನು ತಳದಲ್ಲಿ ಸತ್ತು ಬಿದ್ದಿತ್ತು. ಟೋಪಿಯದು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು.

"ಇದನ್ನ ಯಾಕಪ್ಪ ತೆಗೆದೆ?" ಎಂದು ಕಿರುಚಿದೆ.

"ಆರ್ ವರ್ಸದಿಂದ ಒಂದೇ ಸಮ್ನೆ ದುಡೀತಾ ಅದೆ ಕಣ್ಲಾ. ಅದ್ಕೂ ಒಂದಿನ ಬುಡುವು ಬ್ಯಾಡ್ವಾ ಅಂತ ತಗುದ್ ಮಡುಗ್ದೆ" ಎಂದರು ಅಪ್ಪ. ಅವರಿನ್ನೂ ತೊಟ್ಟಿಯತ್ತ ನೋಡಿರಲಿಲ್ಲ.

ಬಾಯಿಗೆ ಬಂದದ್ದೆಲ್ಲ ಅಂದೆ. ವಯಸ್ಸಾದ ಮೇಲೆ ಸುಮ್ಮನೆ ಒಂದು ಕಡೆ ಕೂತಿರಲು ಏನು ಕಷ್ಟ ಎಂದೆ. ಅನ್ನುತ್ತಲೇ ಹೂವು ಕಿತ್ತೆಸೆದು, ಮೋಟರನ್ನು ಕೊಳವೆಗೆ ಸಿಕ್ಕಿಸಿ ಸ್ವಿಚ್ ಒತ್ತಿದೆ. ಪೈಪಿನ ಬಾಯಿಂದ ಕಂದು ನೀರು ಬುಳಬುಳನೆ ಬಂತು. ಕೊಳೆತ ಮೊಟ್ಟೆಯ ವಾಸನೆ ಹಜಾರ ತುಂಬಿತು. ಅಂಗಡಿಯವನ ಮಾತು ನೆನಪಾಗಿದ್ದು ಆಗ. ಮೀನನ್ನು ಎತ್ತಿ ಬಕೆಟ್ಟಿಗೆ ಬಿಟ್ಟೆ. ಅದು ಒಂದು ಸುತ್ತು ಹಾಕಿ ಮಗ್ಗುಲಾಯಿತು.

ಅಪ್ಪ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಎರಡ್ನೂ ನಾನೇ ಕೊಂದಾಕ್ಬುಟ್ನಲ್ಲೋ" ಎಂದರು. ನಾನು ಹೋಗಿ ಮೋಟರಿನ ಸ್ವಿಚ್ ಆರಿಸಿದೆ.

ವಾರ ಕಳೆದ ಮೇಲೆ ತೊಟ್ಟಿ ಖಾಲಿ ಮಾಡಿದೆ. ಪ್ಲೇಟನ್ನು ತೊಳೆದು ಬಿಸಿಲಿಗಿಟ್ಟಾಗ ಅಪ್ಪ ಬಂದರು. ಅದನ್ನು ಎತ್ತಿ ತಿರುಗಿಸಿ ನೋಡಿದರು. ಎಲ್ಲೂ ಬಿರುಕಿರಲಿಲ್ಲ.

"ಇದ್ನ ತಿರ್ಗಾ ಆಕ್ಬ್ಯಾಡ. ಅಂಗ್ಡಿಯೋನು ಏಳ್ತಿದ್ದುದ್ದೇ ಸರಿ. ನಾನ್ ಮಾಡಿದ್ದು ಈಗಿನ್ ಕಾಲಕ್ಕಾಗಾಕಿಲ್ಲ."

"ಪ್ಲೇಟಿನ ತಪ್ಪಲ್ಲಪ್ಪ" ಎಂದೆ.

"ಮತ್ಯಾರ್ದ್ಲಾ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಮೇಲೆ ಬಂದಿದ್ದ ಮೀನನ್ನು ಕೊಂದವನು ನಾನು, ಗೊತ್ತಿದ್ದೂ ಕೊಂದೆ ಎನ್ನಬೇಕಿತ್ತು. ಅಷ್ಟೆಲ್ಲ ಕಿರುಚಾಡಿದ ಮೇಲೆ ಅದನ್ನು ಹೇಳಲು ನನಗೆ ನಾಚಿಕೆಯಾಯಿತು. "ಹೋಗ್ಲಿ ಬಿಡಪ್ಪ" ಎಂದುಬಿಟ್ಟೆ.

ಅಪ್ಪ ಒಳಗೆ ಹೋಗಿ ಗರಗಸ ತಂದರು. ಪ್ಲೇಟನ್ನು ಜಗುಲಿಯ ಅಂಚಿಗಿಟ್ಟು, ಮಂಡಿಯಲ್ಲಿ ಒತ್ತಿ ಹಿಡಿದು ಕೊಯ್ಯತೊಡಗಿದರು. ಕೈ ನಡುಗುತ್ತಿತ್ತು. ಗರಗಸ ಆ ನೇರ ಸಾಲುಗಳನ್ನು ದಾಟಿ ಸೊಟ್ಟಸೊಟ್ಟಾಗಿ ಹೋಯಿತು. ಒಂದು ಮಾತು ಹೇಳಿದ್ದರೆ ನಿಲ್ಲಿಸುತ್ತಿದ್ದರು. ನಾನು ಖಾಲಿ ಬಕೆಟ್ಟು ಹಿಡಿದು, ಅದು ಎರಡು ತುಂಡಾಗುವವರೆಗೂ ಅಲ್ಲೇ ನಿಂತಿದ್ದೆ.

ಈಗ ನಮ್ಮ ತೊಟ್ಟಿಯಲ್ಲಿ ಅಂಗಡಿಯ ಫಿಲ್ಟರ್ ನೇತಾಡುತ್ತಿದೆ. ಹೊಸ ಮೀನುಗಳೂ ಇವೆ. ಅಪ್ಪ ಅದರ ಸ್ವಿಚ್ಚಿನ ಮೇಲೆ ಯಾರೂ ಮುಟ್ಟದಂತೆ ಟೇಪು ಸುತ್ತಿದ್ದಾರೆ. ಕಾಫಿ ಮಾತ್ರ ಜಗುಲಿಯಲ್ಲಿ ಕೂತು ಕುಡಿಯುತ್ತಾರೆ. ಜಲ್ಲಿಯ ಅಡಿಯ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ, ಹಾಳಾದರೆ ಅದು ನೋಡಿಕೊಳ್ಳುವವರ ತಪ್ಪು ಎಂದು ಆಫೀಸಿನಲ್ಲಿ ಯಾರು ಕೇಳಿದರೂ ಹೇಳುತ್ತೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.