ನಮ್ಮ ಮನೆಗೆ ಬಂದ ಮೊಟ್ಟೆಚಿಪ್ಪು

ಕಳೆದ ಭಾನುವಾರ ಮೂಡುಬಿದಿರೆಯ ನಮ್ಮ ಮನೆಯೊಳಗೆ ಮೊಟ್ಟೆ ಬಂತು.

ಪೂರ್ತಿ ಮೊಟ್ಟೆ ಅಲ್ಲ, ಹೆಬ್ಬೆರಳ ಉಗುರಿನಷ್ಟು ಚಿಪ್ಪು. ಉಷ್ಟ್ರಪಕ್ಷಿಯದ್ದು, ಸಾವಿರಾರು ವರ್ಷ ಹಳೆಯದು. ಆದರೂ ನಮ್ಮದು ಜೈನರ ಮನೆ. ಬೇಕರಿಯಲ್ಲಿ ‘ಎಗ್‌ಲೆಸ್ ತಾನೇ?’ ಎಂದು ಎರಡು ಸಲ ಕೇಳಿ, ಮನೆಗೆ ಬಂದು ಕೇಕಿನ ಡಬ್ಬದ ಮೇಲೆ ಮೂರನೆಯ ಸಲ ಓದುವವರು ನಾವು.

ತಂದವಳು ಮೆಲ್ಕಾರಿನ ರಶ್ಮಿ. ಎಂಎಸ್ಸಿ ಭೂವಿಜ್ಞಾನದಲ್ಲಿ ಎರಡು ವರ್ಷ ನನ್ನ ಪಕ್ಕ ಕೂತವಳು. ಈಗ ದೂರದ ಊರಿನ ಲ್ಯಾಬೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಹಳೆಯ ಮೊಟ್ಟೆಚಿಪ್ಪಿನ ಚೂರು ನೋಡಿ ಅದು ಯಾವ ಹಕ್ಕಿಯದ್ದು, ಆಗ ಆ ಜಾಗ ಹೇಗಿತ್ತು ಎಂದು ಹೇಳುವ ಕೆಲಸ. ಚಿಪ್ಪಿನ ಸಣ್ಣ ರಂಧ್ರಗಳು ಆಗಿನ ಗಾಳಿಯ ತೇವವನ್ನು ಹೇಳುತ್ತವೆ. ಅದರೊಳಗಿನ ಇಂಗಾಲ ತಾಯಿಹಕ್ಕಿ ತಿಂದದ್ದು ಹುಲ್ಲೋ ಎಲೆಯೋ ಎಂದು ಹೇಳುತ್ತದೆ. ನಮ್ಮ ದೇಶದಲ್ಲೂ ಒಂದು ಕಾಲಕ್ಕೆ ಉಷ್ಟ್ರಪಕ್ಷಿ ಓಡಾಡಿಕೊಂಡಿತ್ತು ಎನ್ನುವುದಕ್ಕೆ ಇಂಥ ಚೂರುಗಳೇ ಸಾಕ್ಷಿ.

ಇದೆಲ್ಲ ನನಗೆ ಹೇಗೆ ಗೊತ್ತು? ಅವಳ ಒಂದೊಂದು ಪೇಪರನ್ನೂ ಓದಿದ್ದೇನೆ. ಮೆಚ್ಚಿಕೊಂಡು ಅಲ್ಲ, ತಪ್ಪು ಹುಡುಕುತ್ತ. (ಒಮ್ಮೆ ಸಿಕ್ಕಿತು. ಮೂರನೆಯ ಚಿತ್ರದ ಅಡಿಬರಹಕ್ಕೆ ಫುಲ್‌ಸ್ಟಾಪ್ ಇರಲಿಲ್ಲ. ಆ ದಿನ ಊಟ ರುಚಿಸಿತು.)

ಹೌದು, ಹೊಟ್ಟೆಕಿಚ್ಚು. ಆ ಪಿಎಚ್‌ಡಿ ಸೀಟಿಗೆ ಲ್ಯಾಬಿನ ಪ್ರೊಫೆಸರ್ ಮೊದಲು ಕೇಳಿದ್ದು ನನ್ನನ್ನು. ‘ಹೋಲಿಸಿ ನೋಡಲಿಕ್ಕೆ ಕೋಳಿ, ಬಾತು, ಎಮು ಎಲ್ಲದರ ಮೊಟ್ಟೆ ಒಡೀಬೇಕಾಗ್ತದೆ’ ಎಂದರು. ‘ಮನೆಯಲ್ಲಿ ಒಪ್ಪುವುದಿಲ್ಲ ಸರ್’ ಎಂದೆ. ಮರುದಿನ ರಶ್ಮಿ ಹೂಂ ಎಂದಳು. ನಾನು ಬಂಟ್ವಾಳದ ಕಾಲೇಜೊಂದರಲ್ಲಿ ಪಾಠ ಮಾಡಲು ಸೇರಿಕೊಂಡೆ.

ಗುರುವಾಯನಕೆರೆಯ ಶಾಲೆಯೊಂದರ ಮಕ್ಕಳಿಗೆ ಚಿಪ್ಪು ತೋರಿಸಲು ಊರಿಗೆ ಬಂದಿದ್ದ ಅವಳು ಶನಿವಾರ ಫೋನ್ ಮಾಡಿದಳು.

‘ಲ್ಯಾಬಲ್ಲಿ ಇನ್ನೊಂದು ಸೀಟು ಉಂಟು. ಸರ್ ಮತ್ತೆ ನಿನ್ನನ್ನೇ ಕೇಳಿದ್ರು. ಶುಕ್ರವಾರದ ಒಳಗೆ ಹೇಳು.’

‘ಮನೆಯಲ್ಲಿ...’

‘ಗೊತ್ತುಂಟು, ಬಿಡು. ನಾಳೆ ಬರ್ತೇನೆ, ಚಿಪ್ಪಾದರೂ ನೋಡು.’

‘ಅಜ್ಜಿಯ ಎದುರು ತೆಗೀಬೇಡ.’

‘ಎಂಥ ಮಾರಾಯ್ತಿ, ಆಮ್ಲೆಟ್ ಮಾಡ್ಲಿಕ್ಕೆ ತರುವುದಾ ನಾನು?’

ಆದರೂ ಚಿಪ್ಪಿನ ಡಬ್ಬವನ್ನು ಸ್ಕೂಟರಿನ ಸೀಟಿನಡಿಯಲ್ಲೇ ಬಿಟ್ಟು ಒಳಗೆ ಬಂದಳು. ಅಜ್ಜಿ ಚಾವಡಿಯಲ್ಲಿ ಬಸದಿಗೆ ಹೂ ಕಟ್ಟುತ್ತಿದ್ದರು. (ಮುಂದಿನ ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಕನ್ನಡ ನನ್ನದು.)

‘ಎಂಥ ಓದುವುದು ಮಗಾ ನೀನು?’

‘ಹಕ್ಕಿಗಳ ಬಗ್ಗೆ ಅಜ್ಜಿ. ತುಂಬ ಹಳೇ ಹಕ್ಕಿಗಳು.’

‘ಈಗ ಇಲ್ಲದ ಹಕ್ಕಿಯನ್ನು ಎಂಥ ನೋಡಿ ಓದುವುದು?’

ರಶ್ಮಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. (ಇದಕ್ಕೂ ನನಗೆ ಹೊಟ್ಟೆಕಿಚ್ಚು ಉಂಟು.)

‘ಮೊಟ್ಟೆಯ ಚಿಪ್ಪು ಅಜ್ಜಿ. ಸ್ಕೂಟರಲ್ಲಿ ಉಂಟು.’

‘ಅಷ್ಟು ಹಳೇದನ್ನು ಬಿಸಿಲಲ್ಲಿ ಇಡುವುದಾ? ತಾ, ನೋಡುವ.’

ರಶ್ಮಿ ಡಬ್ಬ ತಂದಾಗ ಅಜ್ಜಿ ಕೈ ಒರೆಸಿ ಅಂಗೈ ಚಾಚಿದರು. ಚೂರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

‘ಮರಿ ಹೊರಗೆ ಬಂದಿತ್ತಾ?’

ಎರಡು ವರ್ಷದ ಎಂಎಸ್ಸಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ. ಉತ್ತರ ನನಗೆ ಗೊತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ರಶ್ಮಿ ಹೇಳಿ ಮುಗಿಸಿದಳು.

‘ಬಂದಿರಬೇಕು ಅಜ್ಜಿ. ಮರಿ ತನ್ನ ಎಲುಬಿಗೆ ಬೇಕಾದ ಸುಣ್ಣವನ್ನು ಚಿಪ್ಪಿನ ಒಳಮೈಯಿಂದ ತೆಗೀತದೆ. ಅದು ಸವೆದ ಗುರುತು ಮೈಕ್ರೋಸ್ಕೋಪಲ್ಲಿ ಕಾಣ್ತದೆ. ಇದರಲ್ಲಿ ಚೆನ್ನಾಗಿ ಉಂಟು.’

‘ಹಾಗಾದ್ರೆ ಇದು ಮರಿ ಬಿಟ್ಟುಹೋದ ಮನೆ. ನೋಡಿದ್ರೆ ಎಂಥ ತಪ್ಪು?’

‘ಲ್ಯಾಬಲ್ಲಿ ಹೊಸ ಮೊಟ್ಟೆ ಒಡೀಲಿಕ್ಕೆ ಇತ್ತು ಅಜ್ಜಿ. ಅದಕ್ಕೇ ಇವಳು ಬರಲಿಲ್ಲ.’

‘ಒಡೆಯುವುದು ಯಾಕೆ? ಮರಿ ಆದ ಮೇಲಿನ ಚಿಪ್ಪು ಸಿಗುವುದಿಲ್ಲವಾ?’

‘ಸಿಗ್ತದೆ. ಹ್ಯಾಚರಿಯಲ್ಲಿ ರಾಶಿ ಬಿದ್ದಿರ್ತದೆ. ಈಗ ನಾನೂ ಅಲ್ಲಿಂದಲೇ ತರುವುದು.’

ಎಷ್ಟು ಸುಲಭ! ಇಬ್ಬರೂ ಒಂದು ಗಂಟೆ ಮಾತಾಡಿದರು. ನನ್ನ ಅಜ್ಜಿ, ನನ್ನ ವಿಷಯ, ನನ್ನ ಮನೆ. ನಾನು ಚಹಾ ತಂದುಕೊಡುವವಳು.

ಲೋಟ ಕೆಳಗಿಟ್ಟ ಅಜ್ಜಿ ನನ್ನತ್ತ ತಿರುಗಿದರು. ‘ನಿನಗೆ ಬೇಡ ಅಂತ ಹೇಳಿದ್ದು ಯಾರು? ಅಪ್ಪನಾ?’

‘ಅಲ್ಲ.’

‘ಅಮ್ಮನಾ?’

‘ಅಲ್ಲ.’

‘ಮತ್ತೆ ನನ್ನ ಹತ್ರ ನೀನು ಕೇಳಿದ್ದು ಯಾವಾಗ?’

ಕೇಳಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ.

ನಮ್ಮ ಕಡೆ ಹುಡುಗಿಯರು ದಿನಕ್ಕೆಷ್ಟು ಸಲ ಹೇಳುತ್ತೇವೆ, ‘ಮನೆಯಲ್ಲಿ ಒಪ್ಪುವುದಿಲ್ಲ’ ಎಂದು? ಟೂರಿಗೆ, ನಾಟಕಕ್ಕೆ, ದೂರದ ಕೆಲಸಕ್ಕೆ. ನಿಜವಾಗಿಯೂ ಒಪ್ಪದ ಮನೆಗಳು ಉಂಟು. ಆ ಮನೆಯ ಹುಡುಗಿಯರು ಕೇಳಿ, ಅತ್ತು, ಸೋತು ಆ ಮಾತು ಹೇಳುತ್ತಾರೆ. ನಾನು ಅವರ ಕಷ್ಟವನ್ನು ಎರವಲು ಪಡೆದೆ. ನನಗಿದ್ದದ್ದು ಮೊಟ್ಟೆಯ ಭಯವಲ್ಲ. ಗೊತ್ತಿಲ್ಲದ ಊರಿನ ದೊಡ್ಡ ಲ್ಯಾಬಿನಲ್ಲಿ, ಎಲ್ಲ ಗೊತ್ತಿರುವವರ ನಡುವೆ, ನನಗೆ ಗೊತ್ತಿಲ್ಲ ಎಂದು ಗೊತ್ತಾಗಿಬಿಡುವ ಭಯ. ರಶ್ಮಿಗೂ ಅದೇ ಭಯವಿತ್ತಂತೆ. ಹೊರಡುವಾಗ ಗೇಟಿನ ಹತ್ತಿರ ನಿಂತು ತಾನಾಗಿ ಹೇಳಿದಳು. ಅವಳು ಭಯ ಇಟ್ಟುಕೊಂಡೇ ಆ ಲ್ಯಾಬಿಗೆ ಸೇರಿದ್ದಳು.

ಆ ರಾತ್ರಿ ಅಪ್ಪ, ಅಮ್ಮನನ್ನೂ ಕೇಳಿದೆ. ಈಗ ಮನೆಯವರೆಲ್ಲ ಒಪ್ಪಿ ಕೂತಿದ್ದಾರೆ. ಶುಕ್ರವಾರ ಬೇಡ ಎನ್ನುವುದಾದರೆ, ಯಾರ ಹೆಸರು ಹೇಳಲಿ?